ಪೆನ್ ಕೆಟ್ಟಿಲ್ಲ, ಇಂಕ್ ಹೊಂದುತ್ತಿಲ್ಲ: ಯಲಹಂಕದ ನೀರು, ಘಾಟಿಯ ಗಾಳಿ ಮತ್ತು ನಿಮ್ಮ ಇಂಕ್ ಪೆನ್

ಮಾರ್ಚ್ ಬಂತೆಂದರೆ ನಮ್ಮ ಉತ್ತರ ಬೆಂಗಳೂರಿನ ಕಡೆ ಎರಡು ದೂರು ಒಟ್ಟಿಗೇ ಶುರುವಾಗುತ್ತವೆ. ಮೊದಲನೆಯದು ಎಲ್ಲರದೂ: ಟ್ಯಾಂಕರ್ ಬಂದಿಲ್ಲ. ಎರಡನೆಯದು ಇಂಕ್ ಪೆನ್ ಇಟ್ಟುಕೊಂಡ ಕೆಲವೇ ಜನರದು: ಪೆನ್ ಬರೀತಾ ಇಲ್ಲ. ಕ್ಯಾಪ್ ತೆಗೆದು ಗೀಚಿದರೆ ಮೊದಲ ಎರಡಕ್ಷರ ಬರಲ್ಲ, ಆಮೇಲೆ ಬರುತ್ತೆ, ಮತ್ತೆ ಮಧ್ಯೆ ನಿಲ್ಲುತ್ತೆ. ಜುಲೈಯಲ್ಲಿ ಅದೇ ಪೆನ್ ಪುಟದ ಮೇಲೆಲ್ಲ ಮಸಿ ಹರಡಿಸಿ ಕೂರುತ್ತೆ. ಕೊನೆಗೆ "ಈ ಪೆನ್ನಿಗೆ ಮೂಡ್ ಇದೆ ಮಾರಾಯ" ಅಂದು ಡ್ರಾಯರಿಗೆ ಎಸೆದು, ಐದು ರೂಪಾಯಿ ಬಾಲ್ ಪೆನ್ ಕೈಗೆ ತಗೋತೀವಿ.

ಪೆನ್ನಿಗೆ ಮೂಡ್ ಇರಲ್ಲ. ಅದರ ಒಳಗೆ ನಡೆಯೋದು ಪಿಯುಸಿ ಭೌತಶಾಸ್ತ್ರ, ಸ್ವಲ್ಪ ರಸಾಯನಶಾಸ್ತ್ರ. ಪೆನ್, ಇಂಕ್, ಕಾಗದ, ತೊಳೆಯುವ ನೀರು, ಹವೆ ಈ ಐದರ ಲೆಕ್ಕ ಹೊಂದಿದರೆ ನೂರು ರೂಪಾಯಿ ಪೆನ್ನೂ ಚೆಂದ ಬರೆಯುತ್ತೆ, ಹೊಂದದಿದ್ದರೆ ಹತ್ತು ಸಾವಿರದ್ದೂ ಮುಷ್ಕರ ಹೂಡುತ್ತೆ. ಐದರಲ್ಲಿ ಬದಲಾಯಿಸಲು ಅತಿ ಅಗ್ಗದ್ದು ಇಂಕ್. ಆದರೆ ನಾವು ಮೊದಲು ಬಿಸಾಡೋದು ಪೆನ್ನನ್ನು.

ಒಳಗೆ ನಡೆಯೋದೇನು?

ನಿಬ್ಬಿನ ನಡುವೆ ಕೂದಲೆಳೆಯಂಥ ಸೀಳು ಇರುತ್ತದೆ. ನಿಬ್ಬಿನ ಕೆಳಗೆ ಕಪ್ಪಗಿನ, ಬಾಚಣಿಗೆ ಹಲ್ಲಿನಂಥ ಗೆರೆಗಳಿರುವ ತುಂಡಿದೆಯಲ್ಲ, ಅದು ಫೀಡ್. ಪೆನ್ನಿನ ಹೃದಯ ಅದೇ. ಅದರಲ್ಲಿರುವ ಸಣ್ಣ ಕಾಲುವೆಯಲ್ಲಿ ಇಂಕ್ ಕೆಳಗೆ ಬರುತ್ತದೆ, ಅಷ್ಟೇ ಪ್ರಮಾಣದ ಗಾಳಿ ಮೇಲೆ ಹೋಗುತ್ತದೆ. ಗಾಳಿ ಹೋಗದಿದ್ದರೆ ಇಂಕ್ ಬರಲ್ಲ. ಗಾಳಿ ಜಾಸ್ತಿ ಹೋದರೆ ಇಂಕ್ ಸುರಿಯುತ್ತದೆ. ಆ ಹಲ್ಲುಗಳಿರೋದು ಹೆಚ್ಚಾಗಿ ಬಂದ ಇಂಕನ್ನು ಒಂದಷ್ಟು ಹೊತ್ತು ಹಿಡಿದಿಟ್ಟುಕೊಳ್ಳಲಿಕ್ಕೆ, ಮಳೆ ಬಂದಾಗ ರಾಜಕಾಲುವೆಗೆ ಹೋಗುವ ಮೊದಲು ನೀರು ಕೆರೆಯಲ್ಲಿ ನಿಲ್ಲಬೇಕಲ್ಲ, ಹಾಗೆ. ಕೆರೆ ಮುಚ್ಚಿದ ಊರಲ್ಲಿ ಏನಾಗುತ್ತೆ ಅಂತ ನಾಗವಾರ, ಹೆಬ್ಬಾಳದ ಸುತ್ತ ಇರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಇಂಕ್ ಈ ಕಾಲುವೆಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನೋದು ಮುಖ್ಯವಾಗಿ ಅದರ ಮೇಲ್ಮೈ ಎಳೆತ ಮತ್ತು ಸ್ನಿಗ್ಧತೆಯ ಮೇಲೆ ನಿಂತಿದೆ. ಸಲೀಸಾಗಿ ಹರಿಯುವ ಇಂಕನ್ನು ಬಳಸುವವರು ವೆಟ್ ಅಂತಾರೆ, ತಡೆದು ತಡೆದು ಬರುವುದನ್ನು ಡ್ರೈ ಅಂತಾರೆ. ಎರಡರಲ್ಲೂ ಹೆಚ್ಚಿನ ಪಾಲು ನೀರೇ. ವ್ಯತ್ಯಾಸ ಇರೋದು ಬಣ್ಣ ಎಷ್ಟಿದೆ, ಹರಿವು ಹೆಚ್ಚಿಸುವ ಸಾಬೂನಿನಂಥ ಪದಾರ್ಥ ಎಷ್ಟಿದೆ ಅನ್ನುವುದರಲ್ಲಿ.

ಪೆನ್ನುಗಳದ್ದೂ ಇದೇ ಕಥೆ. ಕೆಲವು ಧಾರಾಳ, ಕೆಲವು ಜಿಪುಣ. ಆದ್ದರಿಂದ ಹೊಂದಿಸುವ ಸೂತ್ರ ಸರಳ: ಜಿಪುಣ ಪೆನ್ನಿಗೆ ವೆಟ್ ಇಂಕ್, ಧಾರಾಳಿಗೆ ಡ್ರೈ ಇಂಕ್. ಜರ್ಮನಿಯ ಪೆಲಿಕಾನ್ ಕಂಪನಿಯ ಪೆನ್ನುಗಳು ಧಾರಾಳ ಬರೆಯುವುದಕ್ಕೆ ಹೆಸರಾದವು. ಅದೇ ಕಂಪನಿಯ 4001 ಇಂಕ್ ಡ್ರೈ ಅಂತಲೇ ಪ್ರಸಿದ್ಧಿ. ಅವೆರಡೂ ಒಂದಕ್ಕೊಂದು ಸರಿ. ಅದೇ 4001 ಅನ್ನು ಸಣ್ಣ ನಿಬ್ಬಿನ ಜಿಪುಣ ಪೆನ್ನಿಗೆ ತುಂಬಿ ನೋಡಿ, ಅಕ್ಷರಕ್ಕೊಮ್ಮೆ ಕೆಮ್ಮುತ್ತೆ. ಜಪಾನಿನ ಪೈಲಟ್ ಕಂಪನಿಯ ಇರೋಶಿಜುಕು ಇದಕ್ಕೆ ತದ್ವಿರುದ್ಧ, ಚೆನ್ನಾಗಿ ಹರಿಯುತ್ತದೆ. ಬೆಲೆ ಮಾತ್ರ ಬಾಟಲಿಗೆ ಸಾವಿರ ದಾಟುತ್ತದೆ. ದಿನಬಳಕೆಗೆ ಅದು ಬೇಕೇ ಬೇಕು ಅಂತ ನನಗನ್ನಿಸಿಲ್ಲ. ಕ್ಯಾಮ್ಲಿನ್, ಬ್ರಿಲ್ ಬಾಟಲಿಗಳಲ್ಲೇ ಒಂದೊಂದು ಬಣ್ಣ ಒಂದೊಂದು ಥರ ಹರಿಯುತ್ತದೆ. ಒಂದೇ ಕಂಪನಿಯ ಕಪ್ಪು ನಿಂತು ನಿಂತು ಬಂದರೆ ನೀಲಿ ಸರಾಗ ಬರಬಹುದು. ಬೆಂಗಳೂರಿನದ್ದೇ ಆದ ಚೆಲ್‌ಪಾರ್ಕ್ ಇಂಕಿನ ಬಾಟಲಿ ನಿಮ್ಮ ತಂದೆಯ ಮೇಜಿನ ಡ್ರಾಯರಿನಲ್ಲಿ ಸಿಕ್ಕರೆ ಮೊದಲು ಮೂಸಿ ನೋಡಿ, ಬೆಳಕಿಗೆ ಹಿಡಿದು ಅಲ್ಲಾಡಿಸಿ. ಬೂಷ್ಟು, ಗಸಿ ಕಂಡರೆ ನೆನಪಿಗೆ ಇಟ್ಟುಕೊಳ್ಳಿ, ಪೆನ್ನಿಗೆ ಹಾಕಬೇಡಿ.

ನಿಮ್ಮ ಜೋಡಿ ಎಂಥದ್ದು ಅಂತ ತಿಳಿಯಲು ದುಡ್ಡು ಬೇಡ. ನೀವು ದಿನಾ ಬರೆಯುವ ನೋಟ್‌ಬುಕ್ಕಿನಲ್ಲೇ ಒಂದು ಸಾಲು ಬರೆದು, ಐದೈದು ಸೆಕೆಂಡಿಗೊಮ್ಮೆ ಒಂದೊಂದು ಪದವನ್ನು ಬೆರಳಿಂದ ಒರೆಸಿ. ಇಪ್ಪತ್ತು ಸೆಕೆಂಡಾದರೂ ಒಣಗದೆ ಬೆರಳಿಗಂಟಿದರೆ ಆ ಜೋಡಿ ಅತಿ ಧಾರಾಳ. ಬರೆದ ತಕ್ಷಣವೇ ಒಣಗಿ, ಗೆರೆಯೂ ಮಂಕಾಗಿದ್ದರೆ ಅತಿ ಜಿಪುಣ. ಹೊಸ ಪೆನ್ ಆಗಿದ್ದರೆ ಈ ಪರೀಕ್ಷೆಗೂ ಮುಂಚೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರಲ್ಲಿ ತೊಳೆಯಿರಿ. ಕಾರ್ಖಾನೆಯ ಎಣ್ಣೆ ಪಸೆ ಫೀಡಿನಲ್ಲಿ ಉಳಿದಿದ್ದರೆ ಯಾವ ಇಂಕೂ ಸರಿಯಾಗಿ ಹರಿಯಲ್ಲ.

ಪೆನ್ನಿನೊಳಗಿನ ಬೋರ್‌ವೆಲ್ ನೀರು

ತೊಳೆಯೋದು ಅಂದೆ. ಯಾವ ನೀರಲ್ಲಿ? ಇಂಗ್ಲಿಷಿನಲ್ಲಿ ಬರುವ ಪೆನ್ ಸಲಹೆಗಳೆಲ್ಲ "ನಲ್ಲಿ ನೀರಲ್ಲಿ ತೊಳೆಯಿರಿ" ಅಂತ ಮುಗಿಸಿಬಿಡುತ್ತವೆ. ಅವರ ನಲ್ಲಿಯಲ್ಲಿ ಬರೋದೇ ಬೇರೆ, ನಮ್ಮ ನಲ್ಲಿಯಲ್ಲಿ ಬರೋದೇ ಬೇರೆ.

ಯಲಹಂಕ, ಬ್ಯಾಟರಾಯನಪುರ ಮೊದಲು ಪ್ರತ್ಯೇಕ ನಗರಸಭೆಗಳಾಗಿದ್ದವು. 2007ರಲ್ಲಿ ಬಿಬಿಎಂಪಿ ಆದಾಗ ಇವುಗಳ ಜೊತೆಗೆ ನಗರದ ಸುತ್ತಲಿನ 110 ಹಳ್ಳಿಗಳೂ ಸೇರಿದವು. ಹಳ್ಳಿ ಸೇರಿತು, ತೆರಿಗೆ ಸೇರಿತು, ಕಾವೇರಿ ಮಾತ್ರ ಜೊತೆಗೆ ಬರಲಿಲ್ಲ. ಆ 110 ಹಳ್ಳಿಗಳಿಗಾಗಿಯೇ ರೂಪಿಸಿದ, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ 5ನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಅದೇ ವರ್ಷದ ಬೇಸಿಗೆಯಲ್ಲಿ ಊರು ಹೇಗೆ ಒದ್ದಾಡಿತ್ತು ಅಂತ ನೆನಪಿದೆಯಲ್ಲ? ಕಾವೇರಿ ಸಂಪರ್ಕ ಇಲ್ಲದ ಮನೆ, ಪಿಜಿ, ಅಪಾರ್ಟ್‌ಮೆಂಟುಗಳಲ್ಲಿ ಬಳಕೆಗೆ ಇರೋದು ಬೋರ್‌ವೆಲ್ಲು ಅಥವಾ ಟ್ಯಾಂಕರು. ಟ್ಯಾಂಕರ್ ನೀರೂ ಬಹುತೇಕ ಯಾರದೋ ಬೋರ್‌ವೆಲ್ಲಿನದ್ದೇ. ಅಂದರೆ ಗಡಸು ನೀರು. ಬಕೆಟ್ಟಿನ ಅಂಚಲ್ಲಿ, ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವುದು ಇದರಿಂದಲೇ.

ಅದೇ ಬಿಳಿ ಪದರ ಫೀಡಿನಲ್ಲೂ ಕಟ್ಟುತ್ತದೆ. ಒಂದು ಅಂದಾಜು ಲೆಕ್ಕ ಹಾಕೋಣ. ಕುಡಿಯುವ ನೀರಿನ ಭಾರತೀಯ ಮಾನದಂಡ, ಐಎಸ್ 10500ರ ಪ್ರಕಾರ, ಕರಗಿದ ಘನ ಪದಾರ್ಥ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ ಒಪ್ಪಬಹುದು. ಒಳ್ಳೆಯ ಲೆಕ್ಕವನ್ನೇ, 500 ಅನ್ನೇ ತಗೊಳ್ಳಿ. ಪೆನ್ ತೊಳೆದು ಒಣಗಲು ಇಟ್ಟಾಗ ಒಳಗೆ ಎರಡು ಹನಿ, ಅಂದರೆ 0.1 ಮಿಲಿ ನೀರು ಉಳಿಯಿತು ಅಂದುಕೊಳ್ಳಿ. ನೀರು ಆರಿದ ಮೇಲೆ 0.05 ಮಿಲಿಗ್ರಾಂ ಸುಣ್ಣ ಉಳಿಯುತ್ತದೆ. ಏನೂ ಅಲ್ಲ ಅನ್ನಿಸುತ್ತೆ. ಆದರೆ ಫೀಡಿನ ಕಾಲುವೆ 0.2 ಮಿಲಿಮೀಟರ್ ಅಗಲ, ಅಷ್ಟೇ ಆಳ ಅಂತ ಇಟ್ಟುಕೊಂಡರೆ, ಆ ಸುಣ್ಣವೆಲ್ಲ ಒಂದೇ ಕಡೆ ಸೇರಿದಾಗ ಸುಮಾರು ಅರ್ಧ ಮಿಲಿಮೀಟರ್ ಉದ್ದದ ಬಿರಡೆ ಆಗುತ್ತದೆ. ನಿಜದಲ್ಲಿ ಅದು ಒಂದೇ ಕಡೆ ಸೇರಲ್ಲ, ಹರಡಿಕೊಳ್ಳುತ್ತೆ. ಒಂದಷ್ಟು ಇಂಕಿನಲ್ಲೇ ಕರಗಿಯೂ ಹೋಗುತ್ತದೆ. ಒಂದು ಸಲ ತೊಳೆದರೆ ಏನೂ ಆಗಲ್ಲ. ವರ್ಷಗಟ್ಟಲೆ ತೊಳೆದು, ಒಣಗಿಸಿ, ಮತ್ತೆ ತುಂಬುತ್ತಾ ಹೋದರೆ "ಮೊದಲು ಚೆನ್ನಾಗಿತ್ತು, ಈಗ ಯಾಕೋ..." ಅನ್ನುವ ಪೆನ್ ತಯಾರಾಗುತ್ತದೆ.

ಪರಿಹಾರ ಅಗ್ಗದ್ದು. ಮೊದಲೆರಡು ಸುತ್ತು ನಲ್ಲಿ ನೀರಲ್ಲೇ ತೊಳೆಯಿರಿ, ಕೊನೆಯ ಸುತ್ತು ಆರ್‌ಒ ನೀರಲ್ಲಿ, ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ. ಇಂಕ್ ಗಟ್ಟಿಯಾಯಿತು ಅಂತ ಬೆರೆಸುವುದಿದ್ದರೂ ಇದೇ ನೀರು, ಅದೂ ಪೆನ್ನಿನಲ್ಲಿರುವ ಇಂಕಿಗೆ ಮಾತ್ರ. ಬಾಟಲಿಗೆ ಬೋರ್‌ವೆಲ್ ನೀರು ಸುರಿದರೆ ಅದರಲ್ಲಿರುವ ಕ್ಯಾಲ್ಸಿಯಂ ಕೆಲವು ಬಣ್ಣಗಳ ಜೊತೆ ಸೇರಿ ಗಸಿ ಕಟ್ಟಬಹುದು. ಶಿಲೀಂಧ್ರದ ಭಯ ಬೇರೆ.

ಹವೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಫೆಬ್ರವರಿ, ಮಾರ್ಚಿನಲ್ಲಿ ನಮ್ಮ ಗಾಳಿ ಒಣಗಿರುತ್ತದೆ. ಕ್ಯಾಪ್ ಹಾಕಿದ್ದರೂ ನಿಬ್ಬಿನಿಂದ ನೀರು ಆವಿಯಾಗಿ ಬಣ್ಣ ಗಟ್ಟಿಯಾಗುತ್ತದೆ. ಆಗ ವೆಟ್ ಇಂಕ್ ಬಳಸಿ. ಮಳೆಗಾಲದಲ್ಲಿ ಕಾಗದ ತೇವ ಹೀರಿ ಮೆತ್ತಗಾಗಿರುತ್ತದೆ, ಇಂಕ್ ನಾರು ನಾರಾಗಿ ಹರಡುತ್ತದೆ. ಆಗ ಡ್ರೈ ಇಂಕ್. ಎರಡು ಬಾಟಲಿ, ಎರಡು ಸೀಸನ್.

ಘಾಟಿ ಹತ್ತುವ ಪೆನ್

ಕಾರವಾರ, ಮಂಗಳೂರು ಕಡೆಯಿಂದ ಯಶವಂತಪುರಕ್ಕೆ ರೈಲಲ್ಲಿ ಬಂದು ಇಳಿದಾಗ ಜೇಬಲ್ಲಿ ನೀಲಿ ಕಲೆ ಕಂಡವರು ಎಷ್ಟು ಜನ? ಅದು ಪೆನ್ನಿನ ದೋಷ ಅಲ್ಲ, ಸಕಲೇಶಪುರ ಘಾಟಿಯ ಕೆಲಸ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ ಸುಮಾರು 55 ಕಿಲೋಮೀಟರಿನಲ್ಲೇ ರೈಲು ಹೆಚ್ಚೂಕಡಿಮೆ ಬೆಂಗಳೂರಿನ ಎತ್ತರಕ್ಕೆ ಬಂದುಬಿಡುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸಿನಲ್ಲಿದೆ, ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಶೇಕಡಾ 10ರಷ್ಟು ಕಡಿಮೆ. ಹೊರಗಿನ ಒತ್ತಡ ಕಡಿಮೆಯಾದರೆ ಪೆನ್ನಿನೊಳಗಿನ ಗಾಳಿ ಹಿಗ್ಗುತ್ತದೆ. ಒಳಗೆ 2 ಮಿಲಿ ಗಾಳಿ ಇದ್ದರೆ ಅದಕ್ಕೆ 0.2 ಮಿಲಿ ಹೆಚ್ಚು ಜಾಗ ಬೇಕು. ನಿಬ್ಬು ಕೆಳಗಿದ್ದರೆ ಅಷ್ಟೇ ಇಂಕು, ನಾಲ್ಕು ಹನಿ, ಹೊರಗೆ ಬರುತ್ತದೆ. ನಿಬ್ಬು ಮೇಲಿದ್ದರೆ ಬರೀ ಗಾಳಿ ಹೊರಗೆ ಹೋಗುತ್ತದೆ, ಅಂಗಿ ಉಳಿಯುತ್ತದೆ. ಪೂರ್ತಿ ತುಂಬಿದ ಪೆನ್ನಿನಲ್ಲಿ ಹಿಗ್ಗಲು ಗಾಳಿಯೇ ಇರಲ್ಲ, ಅದೂ ಸುರಕ್ಷಿತ. ಅರ್ಧ ತುಂಬಿದ ಪೆನ್ನೇ ಅಪಾಯಕಾರಿ. ದೇವನಹಳ್ಳಿಯಿಂದ ವಿಮಾನ ಹತ್ತುವವರಿಗೂ ಇದೇ ಮಾತು.

ಘಾಟಿ ಹತ್ತದೆಯೂ ಇದು ಆಗುತ್ತದೆ, ನಿಮ್ಮ ಕೈ ಬಿಸಿಯಿಂದ. ರಾಜಮಹೇಂದ್ರವರದ ರತ್ನಂ ಪೆನ್ನುಗಳಂಥ ಎಬೊನೈಟ್ ಪೆನ್ನುಗಳಲ್ಲಿ ಕನ್ವರ್ಟರ್ ಇಲ್ಲದೆ ಡ್ರಾಪರಿನಿಂದ ನೇರ ಪೆನ್ನಿನ ಕೊಳವೆಗೇ ಇಂಕ್ ತುಂಬುವ ಮಾದರಿ ಪ್ರಸಿದ್ಧ. ರತ್ನಂ ಅಂದರೆ ಸ್ವದೇಶಿ ಚಳವಳಿಯ ಪೆನ್, ಅದನ್ನು ಮೆಚ್ಚಿ 1935ರಲ್ಲಿ ಗಾಂಧಿ ಪತ್ರ ಬರೆದಿದ್ದರು. ಇಂಥ ಕೊಳವೆ ಮುಕ್ಕಾಲು ಖಾಲಿಯಾದಾಗ, 25 ಡಿಗ್ರಿಯಲ್ಲಿದ್ದ 2 ಮಿಲಿ ಗಾಳಿ ಕೈ ತಾಗಿ 35 ಡಿಗ್ರಿಗೆ ಬಂದರೆ ಸುಮಾರು ಶೇಕಡಾ 3 ಹಿಗ್ಗುತ್ತದೆ. ಅಂದರೆ ಒಂದು ದಪ್ಪ ಹನಿ, ನಿಮ್ಮ ಪುಟದ ಮಧ್ಯೆ. ಇಂಥ ಪೆನ್ನಿಗೆ ಡ್ರೈ ಇಂಕ್ ತುಂಬಿ. ಮೂರನೇ ಒಂದು ಭಾಗ ಉಳಿದಾಗಲೇ ಮತ್ತೆ ತುಂಬಿಸಿ. ಎಬೊನೈಟ್ ರಬ್ಬರಿನದೇ ಒಂದು ರೂಪ, ಶಾಖವನ್ನು ನಿಧಾನ ದಾಟಿಸುತ್ತದೆ. ತೆಳು ಪ್ಲಾಸ್ಟಿಕ್, ಲೋಹದ ಕೊಳವೆಗಳಲ್ಲಿ ಈ ಕಾಟ ಇನ್ನೂ ಹೆಚ್ಚು.

ಬರೆದದ್ದು ಉಳಿಯಬೇಕಾ?

ಡೈರಿ, ಕ್ಲಾಸ್ ನೋಟ್ಸಿಗೆ ಯಾವ ಇಂಕಾದರೂ ನಡೆಯುತ್ತೆ. ಆದರೆ ನೀವು ಆರ್‌ಟಿಐ ಅರ್ಜಿ ಬರೆಯುವವರು, ಗ್ರಾಮಸಭೆಗೆ ಮನವಿ ಕೊಡುವವರು, ಚೆಕ್ಕಿಗೆ ಸಹಿ ಹಾಕುವವರು. ಅಲ್ಲಿ ಇಂಕಿನ ಆಯ್ಕೆ ಬರೀ ಹರಿವಿನ ಪ್ರಶ್ನೆಯಲ್ಲ.

ಕರ್ನಾಟಕದ ನಿಯಮದಂತೆ ಆರ್‌ಟಿಐ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ದಾಟಬಾರದು. ಈ ನಿಯಮ ಸರಿಯೇ ಅನ್ನೋದು ಬೇರೆ ಜಗಳ, ನನ್ನ ಪ್ರಕಾರ ಸರಿಯಲ್ಲ. ಏನೇ ಇರಲಿ, ಒಂದು ಪುಟ. ಅದನ್ನು ಸಾಮಾನ್ಯ ರಾಯಲ್ ಬ್ಲೂ ಇಂಕಿನಲ್ಲಿ ಬರೆದು ಆಗಸ್ಟ್ ಮಳೆಯಲ್ಲಿ ತಾಲ್ಲೂಕು ಕಚೇರಿಗೆ ಹೊತ್ತುಕೊಂಡು ಹೋದರೆ, ಕವರಿನೊಳಗೆ ನಾಲ್ಕು ಹನಿ ಬಿದ್ದರೂ ಪ್ರಶ್ನೆಯೇ ಅಳಿಸಿಹೋಗುತ್ತದೆ. ಬಟ್ಟೆಗೆ ತಾಗಿದರೆ ತೊಳೆದುಹೋಗಲಿ ಅಂತಲೇ ಬರುವ ನೀಲಿಗಳಿವೆ, ಮಕ್ಕಳಿಗೆ ಅನುಕೂಲ. ರಾಸಾಯನಿಕ ಹಚ್ಚಿ ಅವನ್ನು ಅಳಿಸುವುದೂ ಸುಲಭ. ಹಾಗಾಗಿ ಚೆಕ್ಕಿಗೆ ಅವು ಬೇಡ.

ಉಳಿಯುವ ಇಂಕ್ ನಮಗೆ ಹೊಸತಲ್ಲ. ಹಿಂದಿನ ತಲೆಮಾರಿನವರು ಅಳಲೆಕಾಯಿ ಕುಟ್ಟಿ ನೆನೆಸಿ, ಅದಕ್ಕೆ ಅನ್ನಭೇದಿ ಬೆರೆಸಿ ಮಸಿ ಮಾಡುತ್ತಿದ್ದರು. ಅಳಲೆಕಾಯಿಯ ಒಗರು ಅಂದರೆ ಟ್ಯಾನಿನ್. ಅನ್ನಭೇದಿ ಅಂದರೆ ಫೆರಸ್ ಸಲ್ಫೇಟ್. ಎರಡೂ ಸೇರಿ ಗಾಳಿಗೆ ಒಡ್ಡಿಕೊಂಡಾಗ ಕಪ್ಪಾಗಿ ಕಾಗದದ ನಾರನ್ನು ಕಚ್ಚಿ ಹಿಡಿಯುತ್ತವೆ. ಯುರೋಪಿನಲ್ಲಿ ಓಕ್ ಮರದ ಗಂಟಿನಿಂದ ಮಾಡುತ್ತಿದ್ದ ಐರನ್ ಗಾಲ್ ಇಂಕ್ ಇದೇ ರಸಾಯನಶಾಸ್ತ್ರ. ನಮ್ಮ ಹಳೆಯ ಲೆಕ್ಕಪತ್ರ ಎಲ್ಲವೂ ಮಸಿಯಲ್ಲೇ ಇರಲಿಲ್ಲ ಅನ್ನೋದೂ ನಿಜ. ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದ ಕಪ್ಪು ಬಟ್ಟೆಯ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು, ಅದರ ಹೆಸರು ಕಡತ. ಬಟ್ಟೆ ಹೋಯಿತು, ಸರ್ಕಾರಿ ಕಚೇರಿಯಲ್ಲಿ ಹೆಸರು ಉಳಿದಿದೆ, ವಿಲೇವಾರಿ ಆಗದೆ.

ಪೆನ್ನಿಗೆ ಹಾಕುವ ಕಬ್ಬಿಣದ ಇಂಕಿಗೆ ಭಾರತೀಯ ಮಾನದಂಡವೇ ಇದೆ, ಐಎಸ್ 220. ಅದರಲ್ಲಿ ಕಬ್ಬಿಣದ ಪ್ರಮಾಣ ಶೇಕಡಾ 0.1. ಬರೀ ಬಣ್ಣದ ಇಂಕಿಗೆ ಬೇರೆ ಮಾನದಂಡ, ಐಎಸ್ 1221. ಬಾಟಲಿ ಮೇಲೆ ‘ಬ್ಲೂ ಬ್ಲ್ಯಾಕ್’ ಅಂತ ಇದ್ದ ಮಾತ್ರಕ್ಕೆ ಕಬ್ಬಿಣ ಇದೆ ಅಂತಲ್ಲ, ಅದು ಬರೀ ಬಣ್ಣದ ಹೆಸರೂ ಆಗಿರಬಹುದು. ಪರೀಕ್ಷೆ ಮನೆಯಲ್ಲೇ ಆಗುತ್ತದೆ: ಒಂದು ಸಾಲು ಬರೆದು ಒಂದು ದಿನ ಬಿಡಿ, ಆಮೇಲೆ ನಲ್ಲಿ ಕೆಳಗೆ ಹಿಡಿಯಿರಿ. ನೀಲಿ ಹೋಗಿ ಬೂದು-ಕಪ್ಪು ಅಕ್ಷರ ಓದುವಂತೆ ಉಳಿದರೆ ಕೆಲಸಕ್ಕೆ ಬರುತ್ತದೆ.

ಈ ಇಂಕ್ ಆಮ್ಲೀಯ. ಚಿನ್ನದ ನಿಬ್ಬಿಗೆ ತೊಂದರೆ ಕೊಡಲ್ಲ, ಸ್ಟೀಲ್ ನಿಬ್ಬಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ತಿನ್ನಬಹುದು. ದಿನಾ ಬರೆಯುವ ಪೆನ್ನಿಗೆ ಮಾತ್ರ ತುಂಬಿ, ಎರಡು ಮೂರು ವಾರಕ್ಕೊಮ್ಮೆ ತೊಳೆಯಿರಿ. ಇಲ್ಲಿ ಬೋರ್‌ವೆಲ್ ನೀರಿನ ವಿಷಯ ಇನ್ನೂ ಗಂಭೀರ. ಕ್ಷಾರೀಯ ನೀರು ತಾಗಿದರೆ ಕಬ್ಬಿಣ ಗಸಿಯಾಗಿ ಫೀಡಿನಲ್ಲೇ ಕೂರುತ್ತದೆ. ಇದಕ್ಕೆ ಮೊದಲ ಸುತ್ತಿನಿಂದಲೇ ಆರ್‌ಒ ನೀರು. ಮನೆಯಲ್ಲಿ ಮಾಡಿದ ಅಳಲೆಕಾಯಿ ಮಸಿಯನ್ನು ಅದ್ದಿ ಬರೆಯುವ ಪೆನ್ನಿಗೆ ಇಟ್ಟುಕೊಳ್ಳಿ, ಅದರ ಕಣಗಳು ಫೀಡಿಗೆ ಹೋದರೆ ಬಿಡಿಸೋದು ಕಷ್ಟ. ಡ್ರಾಯಿಂಗಿಗೆ ಬಳಸುವ ಇಂಡಿಯನ್ ಇಂಕೂ ಪೆನ್ನಿನೊಳಗೆ ಬೇಡ, ಅದರಲ್ಲಿ ಅರಗಿನಂಥ ಅಂಟು ಇರುತ್ತದೆ.

ನಮಗೆಲ್ಲ ಅತಿ ಪರಿಚಿತವಾದ ‘ಅಳಿಸಲಾಗದ ಶಾಯಿ’ ಬೇರೆಯೇ ಜಾತಿಯದ್ದು. ಮತಗಟ್ಟೆಯಲ್ಲಿ ಎಡಗೈ ತೋರುಬೆರಳಿಗೆ ಹಚ್ಚುವ ಅದು ಮೈಸೂರಿನ ಸರ್ಕಾರಿ ಕಂಪನಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್‌ನದ್ದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾಗಿ, 1962ರ ಸಾರ್ವತ್ರಿಕ ಚುನಾವಣೆಯಿಂದ ಈ ಶಾಯಿ ಪೂರೈಸುತ್ತಿದೆ. ಅದರಲ್ಲಿರೋದು ಸಿಲ್ವರ್ ನೈಟ್ರೇಟ್, ಚರ್ಮದ ಜೊತೆ ಸೇರಿ ಬೆಳಕಿಗೆ ಕಪ್ಪಾಗುತ್ತದೆ. ಬೆರಳಿಗೆ ಸರಿ, ಪೆನ್ನಿಗಲ್ಲ.

ಬಿಸಾಡುವ ಮುನ್ನ

2022ರ ಜುಲೈ 1ರಿಂದ ಕೇಂದ್ರ ಸರ್ಕಾರ ನಿಷೇಧಿಸಿದ ಏಕಬಳಕೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ಐಸ್‌ಕ್ರೀಂ ಕಡ್ಡಿ ಇದೆ, ಬಲೂನಿನ ಕಡ್ಡಿ ಇದೆ, ಕಿವಿಗೆ ಹಾಕುವ ಬಡ್ಸ್ ಇದೆ. ಬರೆದು ಬಿಸಾಡುವ ಬಾಲ್ ಪೆನ್ ಇಲ್ಲ. ಅದರ ತುದಿಯಲ್ಲಿ ಲೋಹ, ನಡುವೆ ಎಣ್ಣೆಯುಕ್ತ ಇಂಕಿನ ನಳಿಗೆ, ಮೈ ಪ್ಲಾಸ್ಟಿಕ್. ಹಸಿ-ಒಣ ಕಸ ಬೇರ್ಪಡಿಸುವ ಯಾರಿಗೂ ಅದರಿಂದ ಲಾಭವಿಲ್ಲ. ನಾಲ್ಕು ಜನ ಇಂಕ್ ಪೆನ್ ಹಿಡಿದರೆ ಮಂಡೂರಿನ ಕಸದ ಗುಡ್ಡ ಕರಗಿಬಿಡುತ್ತೆ ಅಂತ ನಾನು ಹೇಳಲ್ಲ, ಅಂಥ ವೈಯಕ್ತಿಕ ಪುಣ್ಯದ ರಾಜಕೀಯದಲ್ಲಿ ನನಗೆ ನಂಬಿಕೆ ಕಡಿಮೆ. ಆದರೆ ರಿಪೇರಿ ಹಕ್ಕಿನ ಬಗ್ಗೆ ಮಾತಾಡುವ ನಾವು, ಸ್ಕ್ರೂಡ್ರೈವರ್ ಕೂಡ ಇಲ್ಲದೆ ಬಿಚ್ಚಿ ಸರಿಮಾಡಬಹುದಾದ ವಸ್ತುವನ್ನು ‘ಕೆಟ್ಟಿದೆ’ ಅಂತ ಎಸೆಯೋದು ತಮಾಷೆಯೇ.

ಹಾಗಾಗಿ ಡ್ರಾಯರಿನಲ್ಲಿರುವ ಆ ಹಳೇ ಹೀರೋ ಪೆನ್ ತೆಗೆಯಿರಿ. ನಿಬ್ಬಿನ ಭಾಗವನ್ನು ರಾತ್ರಿಯಿಡೀ ತಣ್ಣನೆ ಆರ್‌ಒ ನೀರಲ್ಲಿ ನಿಲ್ಲಿಸಿ. ಬಿಸಿನೀರು ಬೇಡ, ಎಬೊನೈಟ್ ಬಣ್ಣಗೆಡುತ್ತದೆ, ಹಳೆಯ ಪ್ಲಾಸ್ಟಿಕ್ ಸೊಟ್ಟಗಾಗಬಹುದು. ಬೆಳಿಗ್ಗೆ ನೀರು ಬದಲಿಸಿ, ತಿಳಿಯಾಗುವವರೆಗೆ ಹೀಗೇ ಮಾಡಿ. ಮೊದಲು ಸಾಮಾನ್ಯ ನೀಲಿ ಇಂಕ್ ತುಂಬಿ ಎರಡು ದಿನ ಬರೆಯಿರಿ. ನಿಂತು ನಿಂತು ಬಂದರೆ ಹೆಚ್ಚು ಹರಿಯುವ ಇಂಕಿಗೆ ಬದಲಿಸಿ. ಬೇರೆ ಇಂಕ್ ಸಿಗದಿದ್ದರೆ ಟೂತ್‌ಪಿಕ್ ತುದಿಗೆ ಪಾತ್ರೆ ಲಿಕ್ವಿಡ್ ತಾಗಿಸಿ, ಆ ತುದಿಯನ್ನು ಪೆನ್ನಿನಲ್ಲಿರುವ ಇಂಕಿಗೆ ಒಮ್ಮೆ ಅದ್ದಿ ತೆಗೆದರೆ ಸಾಕು. ಎರಡು ಕಂಪನಿಯ ಇಂಕ್ ಬೆರೆಸಲು ಮನಸ್ಸಾದರೆ ಮೊದಲು ಒಂದು ಗಾಜಿನ ಶೀಶೆಯಲ್ಲಿ ಬೆರೆಸಿ ಎರಡು ದಿನ ಇಡಿ, ತಳದಲ್ಲಿ ಗಸಿ ಕೂತರೆ ಚೆಲ್ಲಿ. ಇಷ್ಟಾದ ಮೇಲೂ ಬರೆಯದಿದ್ದರೆ ನಿಬ್ಬಿನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಎರಡು ಹಲ್ಲುಗಳಲ್ಲಿ ಒಂದು ಮೇಲೆ, ಒಂದು ಕೆಳಗಿದ್ದರೆ ಇಂಕ್ ಏನೂ ಮಾಡಲಾರದು, ಅವನ್ನು ಬೆರಳ ಉಗುರಲ್ಲಿ ಮೆಲ್ಲಗೆ ಒತ್ತಿ ಸಮಕ್ಕೆ ತರಬೇಕು.